ಮಾಯವಾದ ಹಡಗು, ಗುಟ್ಟಿನ ಟೈಮ್ ಮಷೀನ್: ಗ್ರೂಪಿಗೆ ಬಂದ ವಿಡಿಯೊದಲ್ಲಿ ನಿಜ ಎಷ್ಟು?

ಎರಡು ವಾರದಿಂದ ಮುಂಬೈನ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಡಿಯೊ ಸುತ್ತುತ್ತಿದೆ. ಏಳು ನಿಮಿಷದ್ದು. ಸಮುದ್ರದ ಮೇಲೆ ಹಸಿರು ಮಂಜು, ಅದರೊಳಗೆ ಒಂದು ಯುದ್ಧ ಹಡಗು. ಕಣ್ಣು ಮಿಟುಕಿಸುವಷ್ಟರಲ್ಲಿ ಹಡಗೇ ಇಲ್ಲ. ಅಮೆರಿಕದವರು 1943ರಲ್ಲೇ ಕಾಲಯಾನ ಮಾಡಿದ್ದರು, ಜಗತ್ತಿಗೆ ಹೇಳಲಿಲ್ಲ ಅನ್ನುತ್ತದೆ ಹಿನ್ನೆಲೆಯ ಗಂಭೀರ ಧ್ವನಿ. ಕೊನೆಯಲ್ಲಿ ನಾರಾಯಣಗಾಂವ್ ಹತ್ತಿರದ ಖೋಡದ್‌ನ ದೊಡ್ಡ ದೊಡ್ಡ ಡಿಶ್‌ಗಳನ್ನು ತೋರಿಸಿ, ‘ಪುಣೆ ಪಕ್ಕದಲ್ಲೇ ಏನು ನಡೀತಿದೆ ಗೊತ್ತಾ?’ ಅಂತ ಕೇಳಿ ಮುಗಿಯುತ್ತದೆ.

ಭಾನುವಾರ ಸಂಘದ ಕಾರ್ಯಕ್ರಮ ಮುಗಿಸಿ ಕಾಫಿಗೆ ಕೂತಿದ್ದೆವು. ಹೋಟೆಲಿನ ಶೆಟ್ರು ಫೋನ್ ನನ್ನ ಮುಂದೆ ಹಿಡಿದರು. “ಮಾಸ್ಟ್ರೇ, ನೀವು ರಾತ್ರಿ ಶಾಲೆಯಲ್ಲಿ ಸೈನ್ಸ್ ಕಲಿಸಿದವರಲ್ವಾ? ಇದು ಹೌದಾ?” ಪಕ್ಕದಲ್ಲಿ ಅವರ ಮೊಮ್ಮಗ, ಒಂಬತ್ತನೇ ಕ್ಲಾಸು. ಅವನ ಮುಖ ನೋಡಿದರೆ ನಾನು ಹೌದು ಅಂದುಬಿಡಲಿ ಅನ್ನುವ ಆಸೆ ಕಾಣುತ್ತಿತ್ತು. ಆವತ್ತು ಎರಡು ಕಾಫಿ ಮುಗಿಯುವವರೆಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಎರಡು ಪದ

ಕಾಲಯಾನ ಅಂದರೆ ನಾವೆಲ್ಲ ಸಾಗುವ ಮಾಮೂಲಿ ವೇಗ ಬಿಟ್ಟು, ಬೇರೆ ವೇಗದಲ್ಲಿ ನಾಳೆಗೆ ಹೋಗುವುದು, ಇಲ್ಲವೇ ನಿನ್ನೆಗೆ ಮರಳುವುದು. ಇವೆರಡೂ ಒಂದೇ ಅಲ್ಲ. ಒಂದು ದಿಕ್ಕು ಸಾಧ್ಯ, ಅಳೆದೂ ಆಗಿದೆ. ಇನ್ನೊಂದು ಬರೀ ಕಾಗದದ ಮೇಲಿದೆ. ವಿಡಿಯೊ ಎರಡನ್ನೂ ಕಲಸಿಬಿಟ್ಟಿದೆ.

ಎರಡನೆಯದು ಸಂಚಿನ ಕಥೆ. ಕೆಲವೇ ಕೆಲವು ಜನ ಸೇರಿ ದೊಡ್ಡದೊಂದನ್ನು ಮುಚ್ಚಿಟ್ಟಿದ್ದಾರೆ ಅನ್ನುವ ಕಥೆ. ಇದಕ್ಕೆ ಒಂದು ಗುಣ ಇದೆ. ಡಬ್ಬಿಯಲ್ಲಿ ಲಾಡು ಕಡಿಮೆಯಾಗಿದೆ, ಇಲಿ ತಿಂದಿದೆ ಅಂತ ಒಬ್ಬ ಹೇಳುತ್ತಾನೆ ಅಂದುಕೊಳ್ಳಿ. ಇಲಿ ಕಾಣಲಿಲ್ಲ ಅಂದರೆ, ‘ಬಹಳ ಜಾಣ ಇಲಿ’ ಅನ್ನುತ್ತಾನೆ. ಹಿಕ್ಕೆ ಇಲ್ಲ ಅಂದರೆ, ‘ಗುಡಿಸಿ ಹೋಗಿದೆ’. ಬೋನಿಗೆ ಬೀಳಲಿಲ್ಲ ಅಂದರೆ, ‘ನೋಡಿ, ನಾನು ಹೇಳಲಿಲ್ವಾ ಜಾಣ ಅಂತ?’ ಸಾಕ್ಷಿ ಸಿಗದಷ್ಟೂ ಇಲಿ ದೊಡ್ಡದಾಗುತ್ತಾ ಹೋಗುತ್ತದೆ.

ಎಲ್ಡ್ರಿಜ್ ಎಂಬ ಹಡಗು

ವಿಡಿಯೊದಲ್ಲಿರುವ ಹಡಗು ನಿಜವಾದದ್ದೇ. ಹೆಸರು ಯುಎಸ್‌ಎಸ್ ಎಲ್ಡ್ರಿಜ್. ಸರಕು ಹಡಗುಗಳಿಗೆ ಕಾವಲಾಗಿ ಹೋಗುವ ಯುದ್ಧ ಹಡಗು ಅದು. 1943ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಕಥೆ ಹೇಳುವುದು ಹೀಗೆ: ಅದೇ ವರ್ಷ ಅಕ್ಟೋಬರ್ 28ರಂದು ಫಿಲಡೆಲ್ಫಿಯಾದ ನೌಕಾನೆಲೆಯಲ್ಲಿ ಅದಕ್ಕೆ ವಿಚಿತ್ರ ಯಂತ್ರ ಜೋಡಿಸಿದರು. ಹಡಗು ಕಣ್ಣಿಗೆ ಕಾಣದಾಯಿತು. ನೂರಾರು ಕಿಲೋಮೀಟರ್ ದೂರದ ನಾರ್ಫಕ್‌ನಲ್ಲಿ ಕಾಣಿಸಿಕೊಂಡು, ನಿಮಿಷಗಳಲ್ಲಿ ವಾಪಸ್ ಬಂತು. ನಾವಿಕರಲ್ಲಿ ಕೆಲವರಿಗೆ ಹುಚ್ಚು ಹಿಡಿಯಿತು, ಕೆಲವರ ಮೈ ಹಡಗಿನ ಉಕ್ಕಿನೊಳಗೇ ಸಿಕ್ಕಿಕೊಂಡಿತು.

ಇದನ್ನು ಮೊದಲು ಹೇಳಿದವರು ಯಾರು? ಒಬ್ಬನೇ ಒಬ್ಬ. ಹಾರುವ ತಟ್ಟೆಗಳ ಬಗ್ಗೆ 1955ರಲ್ಲಿ ಪುಸ್ತಕ ಬರೆದಿದ್ದ ಮಾರಿಸ್ ಜೆಸಪ್ ಅವರಿಗೆ ಕಾರ್ಲೋಸ್ ಅಯೆಂಡೆ ಎಂಬ ಹೆಸರಿನಲ್ಲಿ ಕಾಗದಗಳು ಬಂದವು. ಅಸಲಿ ಹೆಸರು ಕಾರ್ಲ್ ಆಲೆನ್. ತಾನು ಇನ್ನೊಂದು ಹಡಗಿನಿಂದ ಎಲ್ಲವನ್ನೂ ಕಣ್ಣಾರೆ ಕಂಡೆ ಅಂತ ಬರೆದಿದ್ದ. ಜೆಸಪ್ ಅವರ ಪುಸ್ತಕದ ಒಂದು ಪ್ರತಿ, ಅಂಚಿನ ತುಂಬ ಬೇರೆ ಬೇರೆ ಬಣ್ಣದ ಶಾಯಿಯ ಟಿಪ್ಪಣಿಗಳ ಸಮೇತ, ಅಮೆರಿಕದ ನೌಕಾ ಸಂಶೋಧನಾ ಕಚೇರಿಗೂ ಅಂಚೆಯಲ್ಲಿ ಹೋಯಿತು. ಅಲ್ಲಿನ ಇಬ್ಬರು ಅಧಿಕಾರಿಗಳು ಕುತೂಹಲಪಟ್ಟರು, ಅದರ ಪ್ರತಿಗಳೂ ಆದವು. ‘ನೌಕಾಪಡೆಯೇ ಗಂಭೀರವಾಗಿ ತೆಗೆದುಕೊಂಡಿದೆ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಪ್ರಯೋಗ ನಡೆಸಿದ್ದೂ ಇದೇ ಕಚೇರಿ ಅಂತ ಆಮೇಲೆ ಕಥೆ ಬೆಳೆಯಿತು. ಆದರೆ ಆ ಕಚೇರಿ ಶುರುವಾದದ್ದೇ 1946ರಲ್ಲಿ. ಇನ್ನು ಆಲೆನ್? ಒಮ್ಮೆ ಇದೆಲ್ಲ ನಾನೇ ಕಟ್ಟಿದ್ದು ಅಂತ ಒಪ್ಪಿಕೊಂಡ. ಆಮೇಲೆ ಆ ಮಾತನ್ನೂ ವಾಪಸ್ ತೆಗೆದುಕೊಂಡ.

ಹಡಗಿಗೆ ದಿನಚರಿ ಪುಸ್ತಕ ಇರುತ್ತದೆ. ಎಲ್ಲಿ ಲಂಗರು, ಯಾವಾಗ ಹೊರಟದ್ದು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಎಲ್ಡ್ರಿಜ್‌ನ ದಾಖಲೆ ಪ್ರಕಾರ ಅಕ್ಟೋಬರ್ 18ರಿಂದ ನವೆಂಬರ್ 1ರವರೆಗೆ ಅದು ನ್ಯೂಯಾರ್ಕ್ ಬಂದರಿನಲ್ಲಿತ್ತು. ಅಲ್ಲಿಂದ ಬೇರೆ ಹಡಗುಗಳ ಜೊತೆ ಆಫ್ರಿಕಾದ ಕಾಸಬ್ಲಾಂಕಾಕ್ಕೆ ಹೊರಟಿತು. 1999ರಲ್ಲಿ ಆ ಹಡಗಿನ ಹಳೆಯ ನಾವಿಕರು ಅಟ್ಲಾಂಟಿಕ್ ಸಿಟಿಯಲ್ಲಿ ಒಟ್ಟಿಗೆ ಸೇರಿದಾಗಲೂ, ನಮ್ಮ ಹಡಗು ಫಿಲಡೆಲ್ಫಿಯಾದಲ್ಲಿ ನಿಂತದ್ದೇ ಇಲ್ಲ ಅಂದರು. ಪಾಪ, ಉಕ್ಕಿನೊಳಗೆ ಸಿಕ್ಕಿಕೊಂಡವರು ಯಾರೂ ಅವರಲ್ಲಿರಲಿಲ್ಲ.

ಹಾಗಾದರೆ ಪೂರ್ತಿ ಸುಳ್ಳಾ? ಇಲ್ಲೇ ಮಜಾ ಇರುವುದು. ‘ಕಾಣದಂತೆ ಮಾಡುವ’ ಕೆಲಸ ಆ ಕಾಲದಲ್ಲಿ ನಿಜವಾಗಿಯೂ ನಡೆಯುತ್ತಿತ್ತು. ಯುದ್ಧದಲ್ಲಿ ಜರ್ಮನಿಯವರು ಸಮುದ್ರದ ತಳದಲ್ಲಿ ಹೊಸ ಥರದ ಬಾಂಬುಗಳನ್ನು ಬಿಟ್ಟಿದ್ದರು. ಅವಕ್ಕೆ ಹಡಗು ತಾಗಬೇಕಿರಲಿಲ್ಲ. ಕಬ್ಬಿಣದ ದೊಡ್ಡ ರಾಶಿ ಮೇಲೆ ಹಾದುಹೋದರೆ ಅಲ್ಲಿನ ಕಾಂತಕ್ಷೇತ್ರ ಸ್ವಲ್ಪ ಅಲುಗುತ್ತದೆ. ಅದೇ ಸುಳಿವು ಸಾಕು, ಬಾಂಬು ಸಿಡಿಯುತ್ತಿತ್ತು. ಇದಕ್ಕೆ ಉಪಾಯ ಅಂತ ಹಡಗಿನ ಸುತ್ತ ದಪ್ಪ ತಂತಿ ಸುತ್ತಿ ವಿದ್ಯುತ್ ಹರಿಸಿದರು. ಅಂಗಡಿಯಲ್ಲಿ ಖಾಲಿ ಪಾತ್ರೆಯ ತೂಕಕ್ಕೆ ಸರಿಯಾಗಿ ತಕ್ಕಡಿಯ ಇನ್ನೊಂದು ತಟ್ಟೆಗೆ ಕಲ್ಲು ಹಾಕುತ್ತಾರಲ್ಲ, ಹಾಗೆ. ಪಾತ್ರೆ ಅಲ್ಲೇ ಇರುತ್ತದೆ, ಮುಳ್ಳಿಗೆ ಮಾತ್ರ ಗೊತ್ತಾಗುವುದಿಲ್ಲ. ಈ ವಿಧಾನಕ್ಕೆ ಡೀಗಾಸಿಂಗ್ ಅನ್ನುತ್ತಾರೆ. ಹಡಗು ಬಾಂಬಿಗೆ ಕಾಣದಾಗುತ್ತದೆ, ಮನುಷ್ಯರ ಕಣ್ಣಿಗಲ್ಲ. ಬಂದರಿನ ಹರಟೆಯಲ್ಲಿ ‘ಬಾಂಬಿಗೆ’ ಅನ್ನುವ ಒಂದು ಪದ ಬಿದ್ದುಹೋದರೆ ಸಾಕು, ಮಾಯಾ ಹಡಗು ರೆಡಿ.

ನಾರ್ಫಕ್ ಪ್ರಯಾಣಕ್ಕೂ ಸಾದಾ ಕಾರಣ ಇದೆ. ಎರಡು ಊರುಗಳ ನಡುವೆ ಒಳನಾಡಿನ ಕಾಲುವೆ ಇತ್ತು. ಹೊರ ಸಮುದ್ರ ಸುತ್ತಿ ಹೋಗುವುದಕ್ಕಿಂತ ಅದರಲ್ಲಿ ಬಹಳ ಬೇಗ ತಲುಪಬಹುದಿತ್ತು. ಸಂಜೆ ಇಲ್ಲಿ ಕಂಡ ಹಡಗು ರಾತ್ರಿ ಅಲ್ಲಿ ಕಂಡರೆ, ಕಾಲುವೆ ವಿಷಯ ಗೊತ್ತಿಲ್ಲದವನಿಗೆ ತಲೆ ತಿರುಗುವುದು ಸಹಜ ಅಲ್ವಾ?

‘ಕಾಲ’ ಸೇರಿದ್ದು ಸಿನಿಮಾದಿಂದ

ಒಂದು ವಿಷಯ ಗಮನಿಸಿ. ಆಲೆನ್ ಹೇಳಿದ್ದು ಹಡಗು ಮಾಯವಾಗಿ ಬೇರೆ ಕಡೆ ಕಂಡ ಕಥೆ. ನಾವಿಕರು ವರ್ಷಗಳನ್ನೇ ದಾಟಿ ಹಾರಿದ ಸಂಗತಿ ಬಂದದ್ದು 1984ರಲ್ಲಿ, ‘ಫಿಲಡೆಲ್ಫಿಯಾ ಎಕ್ಸ್‌ಪೆರಿಮೆಂಟ್’ ಅಂತ ಇದೇ ಪ್ರಯೋಗದ ಹೆಸರಿನ ಸಿನಿಮಾದಲ್ಲಿ. ಅದರಲ್ಲಿ 1943ರ ಇಬ್ಬರು ನಾವಿಕರು 1984ಕ್ಕೆ ಬಂದು ಬೀಳುತ್ತಾರೆ.

ಆಲ್ ಬೀಲೆಕ್ ಎಂಬವರು ಈ ಸಿನಿಮಾವನ್ನು 1988ರಲ್ಲಿ ನೋಡಿದರು. ನೋಡುತ್ತಿದ್ದಂತೆ ಮರೆತದ್ದೆಲ್ಲ ನೆನಪಾಯಿತಂತೆ. ತಾನೇ ಆ ಹಡಗಿನಲ್ಲಿದ್ದೆ, ಕೆಳಗೆ ಹಾರಿದೆ, ಬಿದ್ದದ್ದು 1983ರ ಮಾಂಟಾಕ್‌ನಲ್ಲಿ ಅಂದರು. ಮಾಂಟಾಕ್ ಇರುವುದು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನ ತುದಿಯಲ್ಲಿ. ಅಲ್ಲಿ ನೆಲದಡಿ ಕಾಲದ ಸುರಂಗ ಕೊರೆಯುತ್ತಿದ್ದರು ಅಂತ ಪ್ರೆಸ್ಟನ್ ನಿಕೋಲ್ಸ್ ಎಂಬವರು 1992ರಲ್ಲಿ ಪುಸ್ತಕ ತಂದರು. ಅವರದೂ ಅಳಿಸಿಹೋಗಿ ಮರಳಿ ಬಂದ ನೆನಪೇ.

ಇವರು ಬೇಕೆಂದೇ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ನೆನಪು ಕಪಾಟಿನಲ್ಲಿಟ್ಟ ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಬರೆಯುವ ಚಿತ್ರ. ನನ್ನ ನಾಮಕರಣದ ದಿನ ಅಜ್ಜಿ ಕೆಂಪು ಸೀರೆ ಉಟ್ಟಿದ್ದು ನನಗೆ ಚೆನ್ನಾಗಿ ‘ನೆನಪಿದೆ’. ಹೇಗೆ ಸಾಧ್ಯ? ಅಮ್ಮ ನೂರು ಸಲ ಹೇಳಿದ್ದಾಳೆ, ಅಷ್ಟೇ. ಸಿನಿಮಾ ಕೂಡ ಇದೇ ಕೆಲಸ ಮಾಡಬಲ್ಲದು.

ಜಾಗದ ಆಯ್ಕೆ ಮಾತ್ರ ಭರ್ಜರಿ. ಎರಡನೇ ಮಹಾಯುದ್ಧದಲ್ಲಿ ಮಾಂಟಾಕ್‌ನ ಸೇನಾ ಶಿಬಿರವನ್ನು ಶತ್ರುಗಳ ಕಣ್ಣಿಗೆ ಮೀನುಗಾರರ ಹಳ್ಳಿಯಂತೆ ಕಾಣಿಸಲು ಕಾಂಕ್ರೀಟ್ ಗೋಡೆಗಳ ಮೇಲೆ ಸುಳ್ಳು ಕಿಟಕಿ ಬರೆದಿದ್ದರು. ಆಮೇಲೆ ರಷ್ಯಾದ ಬಾಂಬರ್ ವಿಮಾನಗಳನ್ನು ಪತ್ತೆ ಮಾಡಲು ಸುಮಾರು 38 ಮೀಟರ್ ಅಗಲದ ರಾಡಾರ್ ಕೂರಿಸಿದರು. 1980ರ ದಶಕದ ಶುರುವಿನಲ್ಲಿ ನೆಲೆ ಮುಚ್ಚಿತು. ತುಕ್ಕು ಹಿಡಿದ ಆ ರಾಡಾರ್ ಇನ್ನೂ ನಿಂತಿದೆ. ಸುತ್ತಲೂ ಈಗ ಸಾರ್ವಜನಿಕ ಉದ್ಯಾನ. ಸಂಜೆ ಹೊತ್ತು ಅಂಥ ಜಾಗ ನೋಡಿದರೆ ಯಾರಿಗಾದರೂ ಒಂದು ಕಥೆ ಹೊಳೆಯುತ್ತದೆ.

2036ರಿಂದ ಬಂದವನು

ಇದನ್ನು ಬೇಗ ಮುಗಿಸೋಣ. 2000–01ರಲ್ಲಿ ಅಂತರ್ಜಾಲದಲ್ಲಿ ಜಾನ್ ಟೈಟರ್ ಎಂಬ ಹೆಸರಿನಲ್ಲಿ ಒಬ್ಬ ಬರೆಯತೊಡಗಿದ. ತಾನು 2036ರ ಸೈನಿಕ, 1975ರ ಐಬಿಎಂ 5100 ಕಂಪ್ಯೂಟರ್ ಒಯ್ಯಲು ಬಂದಿದ್ದೇನೆ ಅಂದ. ಆ ಕಂಪ್ಯೂಟರ್‌ಗೆ ದೊಡ್ಡ ಯಂತ್ರಗಳ ಹಳೆಯ ಪ್ರೋಗ್ರಾಂಗಳನ್ನು ನಡೆಸುವ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಶಕ್ತಿ ಇದ್ದದ್ದು ನಿಜ. ಇಲ್ಲೂ ಅದೇ ನೋಡಿ, ಒಂದು ಹಿಡಿ ನಿಜದ ಮೇಲೆ ಕಥೆ ನಿಂತಿದೆ. 2004ರ ನಂತರ ಒಲಿಂಪಿಕ್ಸ್ ನಡೆಯುವುದಿಲ್ಲ, ಅಮೆರಿಕದಲ್ಲಿ ಅಂತರ್ಯುದ್ಧ ಆಗುತ್ತದೆ ಅಂದಿದ್ದ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ನಾವೆಲ್ಲ ಟಿವಿಯಲ್ಲಿ ನೋಡಿದೆವು. ಆದರೆ ಅವನು ಮೊದಲೇ ಬಾಗಿಲು ತೆರೆದಿಟ್ಟಿದ್ದ: ‘ನಾನು ಬಂದದ್ದು ಬೇರೆ ಜಗತ್ತಿನಿಂದ, ನಿಮ್ಮಲ್ಲಿ ಸ್ವಲ್ಪ ಬೇರೆ ಆಗಬಹುದು.’ ಜಾಣ ಇಲಿ.

ಹಾಗಾದರೆ ನಿಜವಾದ ಕಾಲಯಾನ ಎಲ್ಲಿದೆ?

ನಿಮ್ಮ ಜೇಬಿನಲ್ಲಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗಡಿಯಾರದ ಮುಳ್ಳು ತಿರುಗಿಸುವುದು ಬೇರೆ, ಸಮಯವೇ ನಿಧಾನವಾಗುವುದು ಬೇರೆ. ಮುಳ್ಳಿನ ವಿಷಯದಲ್ಲಿ ಮುಂಬೈನವರು ಪಳಗಿದವರು. ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿದ್ದ ‘ಬಾಂಬೆ ಟೈಮ್’ ಈ ಊರಲ್ಲಿತ್ತು. 1906ರಲ್ಲಿ ದೇಶಕ್ಕೆಲ್ಲ ಐದೂವರೆ ಗಂಟೆಯ ಲೆಕ್ಕ ಬಂದರೂ ಬಾಂಬೆ ತನ್ನ ಸಮಯ ಬಿಡಲಿಲ್ಲ, 1955ರವರೆಗೂ ಉಳಿಸಿಕೊಂಡಿತ್ತು. ಅಂದರೆ ಉಳಿದ ದೇಶಕ್ಕಿಂತ 39 ನಿಮಿಷ ಹಿಂದೆ. ಊರಿಂದ ಬಂದವರು ಗಡಿಯಾರ ತಿರುಗಿಸಿಕೊಳ್ಳಬೇಕಿತ್ತು. ಅದಕ್ಕೆ ಯಾರ ವಯಸ್ಸೂ 39 ನಿಮಿಷ ಕಡಿಮೆಯಾಗಲಿಲ್ಲ.

ಐನ್‌ಸ್ಟೈನ್ 1905ರಲ್ಲಿ ಮತ್ತು 1915ರಲ್ಲಿ ಹೇಳಿದ್ದು ಇದಲ್ಲ. ಸಮಯವೇ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ ಅಂದರು. ಜೋರಾಗಿ ಓಡುವವರಿಗೆ ಅದು ನಿಧಾನ. ಭೂಮಿಯಂಥ ಭಾರವಾದ ವಸ್ತುವಿನ ಹತ್ತಿರ ಇದ್ದವರಿಗೂ ನಿಧಾನ. ದೂರ ಹೋದಂತೆ ಬೇಗ. ಮುಂಬೈನಲ್ಲಿ ಮಹಡಿ ಏರಿದಂತೆ ಫ್ಲ್ಯಾಟಿನ ರೇಟೂ ಏರುತ್ತದಲ್ಲ, ಅಲ್ಲಿ ವಯಸ್ಸೂ ಒಂಚೂರು ಬೇಗ ಏರುತ್ತದೆ. 120 ಮೀಟರ್ ಎತ್ತರದಲ್ಲಿ 50 ವರ್ಷ ಇದ್ದವರಿಗೆ ನೆಲಮಹಡಿಯವರಿಗಿಂತ ಸುಮಾರು 20 ಮೈಕ್ರೋಸೆಕೆಂಡ್ ಜಾಸ್ತಿ ವಯಸ್ಸು. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಬಿಲ್ಡರ್ ಇದಕ್ಕೆ ಡಿಸ್ಕೌಂಟ್ ಕೊಡುವುದಿಲ್ಲ, ಬಿಡಿ. ಸುಮ್ನೆ ಲೆಕ್ಕಾಚಾರ ಅಂದುಕೊಳ್ಳಬೇಡಿ. 2010ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಎರಡು ಅಣು ಗಡಿಯಾರಗಳನ್ನು ಬರೀ ಒಂದಡಿ ಮೇಲೆ ಕೆಳಗೆ ಇಟ್ಟು ಈ ವ್ಯತ್ಯಾಸ ಅಳೆದಿದ್ದಾರೆ.

ಫೋನಿನ ಮ್ಯಾಪ್ ಇದರ ಮೇಲೇ ನಿಂತಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿವೆ. ವೇಗದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದಾಗಿ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಒಟ್ಟು 38 ಮುಂದೆ. ಉಪಗ್ರಹದ ಸಂಕೇತ ಬರಲು ಹಿಡಿದ ಸಮಯದಿಂದಲೇ ಫೋನ್ ದೂರ ಲೆಕ್ಕ ಹಾಕುವುದು. ಹಾಗಾಗಿ ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ತಪ್ಪು 10 ಕಿ.ಮೀ. ದಾಟುತ್ತದೆ. ಮಾಟುಂಗಾದಲ್ಲಿ ನಿಂತ ರಿಕ್ಷಾ, ಅಲ್ಲ, ಟ್ಯಾಕ್ಸಿ (ಮಾಟುಂಗಾಕ್ಕೆ ರಿಕ್ಷಾ ಎಲ್ಲಿ ಬರುತ್ತದೆ!) ಘಾಟ್‌ಕೋಪರ್ ಆಚೆ ಕಾಣುತ್ತಿತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಒಂದಿದೆ. ಬಾಹ್ಯಾಕಾಶದ ಕಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿ.ಮೀ. ಮೇಲೆ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವುದೇ ಹೆಚ್ಚು. ಆದರೂ ರಾಶಿ ರಾಶಿಯಾಗಿ ನೆಲಕ್ಕೆ ಬರುತ್ತವೆ. ಯಾಕೆ? ಆ ವೇಗದಲ್ಲಿ ಅವುಗಳ ಸಮಯ ನಿಧಾನ. ಈ ಮ್ಯೂಆನ್‌ಗಳನ್ನು ಅಳೆಯಲು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲಿ ಹೋದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ. ಆ ಕೆಲಸ ಶುರು ಮಾಡಿದವರಲ್ಲಿ ಮುಖ್ಯರು ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್. ಮುಂದೆ 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾದರು. ಗಣಿಯ ಕತ್ತಲಲ್ಲಿ, ನೆಲದಡಿ, ವಿಚಿತ್ರ ಯಂತ್ರಗಳ ಜೊತೆ ವಿಜ್ಞಾನಿಗಳು! ಸಂಚಿನ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಆದರೆ ಅವರು ಕಂಡದ್ದನ್ನೆಲ್ಲ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು.

ಹಿಂದಕ್ಕೆ ಹೋಗೋಕೆ ಆಗಲ್ವಾ?

ಮೊಮ್ಮಗನ ನಿಜವಾದ ಪ್ರಶ್ನೆ ಇದೇ ಆಗಿತ್ತು. ಮೇಲೆ ಹೇಳಿದ್ದೆಲ್ಲ ಮುಂದಿನ ದಿಕ್ಕಿಗೆ, ಅದೂ ಕೂದಲೆಳೆಯಷ್ಟು. ಹಿಂದಿನ ದಿಕ್ಕಿಗೆ ಗಣಿತದಲ್ಲಿ ದಾರಿಗಳಿವೆ. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್, ಇಡೀ ವಿಶ್ವವೇ ತಿರುಗುತ್ತಿದ್ದರೆ ಐನ್‌ಸ್ಟೈನ್ ಸಮೀಕರಣಗಳ ಪ್ರಕಾರ ಹಿಂದಕ್ಕೆ ಬರಬಹುದು ಅಂತ ತೋರಿಸಿದರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಗುರುತಿಲ್ಲ. 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಜೊತೆಗಾರರು ಜಾಗದಿಂದ ಜಾಗಕ್ಕೆ ಸುರಂಗ ಇದ್ದರೆ ಅದರಿಂದಲೂ ಹಿಂದಿನ ಕಾಲಕ್ಕೆ ದಾರಿ ಮಾಡಬಹುದು ಅಂತ ಲೆಕ್ಕ ಹಾಕಿದರು. ಅಂಥ ಸುರಂಗ ಕುಸಿಯದೆ ನಿಲ್ಲಬೇಕಾದರೆ ಋಣ ಶಕ್ತಿ, ಅಂದರೆ ಸೊನ್ನೆಗಿಂತಲೂ ಕಡಿಮೆ ಶಕ್ತಿ, ಇರುವ ವಸ್ತು ಬೇಕು, ಅದೂ ಹೇರಳವಾಗಿ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾನಿಗಳಿಗೆ ಪಾರ್ಟಿ ಇಟ್ಟರು. ಆಮಂತ್ರಣ ಹೊರಬಿಟ್ಟದ್ದು ಪಾರ್ಟಿ ಮುಗಿದ ಮೇಲೆ. ಯಾರೂ ಬಂದಿರಲಿಲ್ಲ.

ಆದರೆ ಸರ್ಕಾರಗಳು ಗುಟ್ಟು ಮಾಡುತ್ತವಲ್ಲ?

ಶೆಟ್ರ ಈ ಪ್ರಶ್ನೆ ನ್ಯಾಯವಾದದ್ದು. ಮಾಡುತ್ತವೆ, ಖಂಡಿತ. ಅಣುಬಾಂಬಿನ ಕೆಲಸ ಲಕ್ಷಕ್ಕೂ ಹೆಚ್ಚು ಜನರ ಕೈಯಲ್ಲಿ, ಬಹುತೇಕರಿಗೆ ಏನು ಮಾಡುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ ನಡೆಯಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಿಂದ ಎಂಕೆ-ಅಲ್ಟ್ರಾ ಹೆಸರಿನಲ್ಲಿ ಜನರಿಗೆ ತಿಳಿಸದೆ ಅವರ ಮೇಲೆ ಮಾದಕ ಔಷಧ ಪ್ರಯೋಗಿಸಿತು. ಇದೂ ಸಂಚಿನ ಕಥೆಯಂತೆ ಕೇಳಿಸುತ್ತದೆ, ಆದರೆ ನಡೆದದ್ದು. ಇಂಥವನ್ನು ಕೇಳಿದವರು ಮಾಂಟಾಕ್ ಕಥೆಯನ್ನೂ ನಂಬಿದರೆ ಅವರನ್ನು ದಡ್ಡರು ಅನ್ನಲಾಗದು.

ವ್ಯತ್ಯಾಸ ಇರುವುದು ಲೆಕ್ಕದ ಪುಸ್ತಕದಲ್ಲಿ. ಎಂಕೆ-ಅಲ್ಟ್ರಾ ಕಡತಗಳನ್ನು ಸುಡಲು 1973ರಲ್ಲಿ ಸಿಐಎ ಮುಖ್ಯಸ್ಥರೇ ಹೇಳಿದ್ದರು. ಆದರೂ 1977ರಲ್ಲಿ ಸುಮಾರು 20,000 ಪುಟಗಳು ಸಿಕ್ಕವು. ಹೇಗೆ? ಖರ್ಚುವೆಚ್ಚದ ಕಾಗದಗಳು ಬೇರೆ ಕಡೆ ಇದ್ದವು, ಅವನ್ನು ಸುಡಲು ಮರೆತಿದ್ದರು. ಹೋಟೆಲ್ ನಡೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡುಗೆ ಮನೆ ತೊಳೆದಿಡಬಹುದು, ತರಕಾರಿಯವನ ಬಿಲ್ಲು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ಮಾಂಟಾಕ್‌ನಲ್ಲಿ ಬಿಲ್ಲೇ ಇಲ್ಲ. ಹಣ ಎಲ್ಲಿಂದ ಅಂದರೆ, ನಾಜಿಗಳ ಬಂಗಾರ ಸಿಕ್ಕಿತ್ತು ಅನ್ನುತ್ತದೆ ಕಥೆ.

ಚೌಪಾಟಿಯ ವಿಮಾನ

ಇದು ಅಮೆರಿಕದವರ ಖಾಯಿಲೆ ಅಂತ ನಗುವಂತಿಲ್ಲ. 1895ರಲ್ಲಿ ಶಿವಕರ್ ಬಾಪೂಜಿ ತಳಪದೆ ಅವರು ಗಿರಗಾಂವ್ ಚೌಪಾಟಿಯಲ್ಲಿ ವಿಮಾನ ಹಾರಿಸಿದರು, ಬ್ರಿಟಿಷರು ಮುಚ್ಚಿಹಾಕಿದರು ಅನ್ನುವ ಮಾತು ಈ ಊರಲ್ಲಿ ಇಂದಿಗೂ ಇದೆ. ತಳಪದೆ ಇದ್ದದ್ದು ನಿಜ, ವಿಮಾನದ ಹುಚ್ಚು ಇದ್ದದ್ದೂ ನಿಜ. ಹಾರಿತು ಅನ್ನಲು ಆ ಕಾಲದ ನಂಬಬಹುದಾದ ದಾಖಲೆ ಸಿಕ್ಕಿಲ್ಲ. ಇದರ ಜೊತೆ ಹೆಣೆದುಕೊಂಡಿರುವ ವೈಮಾನಿಕ ಶಾಸ್ತ್ರ ನಮ್ಮ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಗ್ರಂಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಅದನ್ನು ಕೂತು ಓದಿ, ಇದು ಪ್ರಾಚೀನವಲ್ಲ, 20ನೇ ಶತಮಾನದ್ದು, ಇದರ ವಿಮಾನಗಳು ಹಾರುವಂಥವೂ ಅಲ್ಲ ಅಂತ ಬರೆದರು. ಹಡಗಿನ ಕಥೆಗೂ ಇದಕ್ಕೂ ಮೈಕಟ್ಟು ಒಂದೇ: ನಿಜವಾದ ಮನುಷ್ಯ, ನಿಜವಾದ ಜಾಗ, ಮತ್ತು ‘ಅವರು ಮುಚ್ಚಿಹಾಕಿದರು’.

ಖೋಡದ್‌ನ ಡಿಶ್‌ಗಳು ಏನು ಮಾಡುತ್ತವೆ?

ಅವು ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದ ಭಾಗ. ಒಟ್ಟು 30 ಡಿಶ್, ಒಂದೊಂದೂ 45 ಮೀಟರ್ ಅಗಲ. ಹತ್ತಿರ ಹೋದರೆ ಗಟ್ಟಿ ತಟ್ಟೆಯಲ್ಲ, ತೆಳ್ಳನೆ ಉಕ್ಕಿನ ತಂತಿಯ ಬಲೆ. ಇವು ಏನನ್ನೂ ಹೊರಗೆ ಬಿಡುವುದಿಲ್ಲ, ಆಕಾಶದಿಂದ ಬಂದ ರೇಡಿಯೊ ಅಲೆಗಳನ್ನು ಕೇಳುತ್ತವೆ ಅಷ್ಟೇ. ರೇಡಿಯೊ ಗದ್ದಲ ಕಡಿಮೆ ಅಂತಲೇ ಆ ಜಾಗ ಆರಿಸಿದ್ದು.

ಕಾಲದ ಕಥೆಗೆ ಇವನ್ನು ಸೇರಿಸಿ ವಿಡಿಯೊ, ಗೊತ್ತಿಲ್ಲದೆಯೇ, ಒಂದು ನಿಜವನ್ನು ಮಾತ್ರ ಮುಟ್ಟಿದೆ. ಈ ಡಿಶ್‌ಗಳು ಹಳೆಯ ಕಾಲ ನೋಡುತ್ತವೆ. ದೂರದಿಂದ ಅಲೆ ಬರಲು ಸಮಯ ಬೇಕಲ್ಲ, ಬಂದು ತಲುಪಿದಾಗ ಸುದ್ದಿ ಹಳತಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ದೂರದರ್ಶಕದಲ್ಲಿ ಬಹಳ ದೂರದ ಗೆಲಾಕ್ಸಿಯೊಂದರ ಹೈಡ್ರೋಜನ್ ಸಂಕೇತ ಹಿಡಿದರು. 2023ರ ಜನವರಿಯಲ್ಲಿ ಸುದ್ದಿಯಾಯಿತು. ಹೊರಡುವಾಗ 21 ಸೆಂ.ಮೀ. ಇದ್ದ ಅಲೆ, ವಿಶ್ವ ಹಿಗ್ಗುತ್ತಾ ಹೋದದ್ದರಿಂದ ಇಲ್ಲಿ ತಲುಪುವಾಗ 48 ಸೆಂ.ಮೀ.ಗೆ ಎಳೆದುಕೊಂಡಿತ್ತು. ಹೊರಟದ್ದು ಸುಮಾರು 880 ಕೋಟಿ ವರ್ಷದ ಹಿಂದೆ. ಆಗ ಭೂಮಿಯೇ ಹುಟ್ಟಿರಲಿಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಆ ಗೆಲಾಕ್ಸಿ ಈಗ ಹೇಗಿದೆ?” ಅಂತ ಕೇಳಿದ. ಇಲ್ಲಿಂದ ಗೊತ್ತಾಗುವುದಿಲ್ಲ ಅಂದೆ.

ಶೆಟ್ರು ಗಲ್ಲಾಪೆಟ್ಟಿಗೆ ಕಡೆ ಎದ್ದು ಹೊರಟಿದ್ದರು. ತಿರುಗಿ ನಿಂತು ಅಂದರು, “ಗೊತ್ತಾಯಿತು ಮಾಸ್ಟ್ರೇ. ಹಿಂದೆಲ್ಲ ಊರಿಂದ ಮದುವೆ ಕಾಗದ ಬಾಂಬೆಗೆ ಬರುವಾಗ ಮದುವೆಯೇ ಮುಗಿದಿರುತ್ತಿತ್ತು. ನಾವು ಆವತ್ತೇ ಮದುವೆ ಅಂದುಕೊಂಡು ಇಲ್ಲಿ ಪಾಯಸ ಮಾಡುತ್ತಿದ್ದೆವು.”